ನಾಯಿಯ ಕೀಲುನೋವಿಗೆ, ಆಪರೇಷನ್ ನೋವಿಗೆ ಮಾತ್ರೆ ಕೊಡುವುದು ಹೇಗೆ?

“ನಾಯಿ ಕುಂಟ್ತಾ ಇದೆ, ಮನೇಲಿರೋ ಯಾವ ಮಾತ್ರೆ ಕೊಡಬಹುದು?” ದಾವಣಗೆರೆ, ಹರಿಹರ, ಚಳ್ಳಕೆರೆ, ಹೊಸದುರ್ಗ, ಎಲ್ಲಿಂದ ಓದುಗರು ಬರೆದರೂ ಮೊದಲ ಪ್ರಶ್ನೆ ಇದೇ. ಎರಡನೆಯದು ಹೀಗಿರುತ್ತದೆ: “ಆಪರೇಷನ್ ಆಯ್ತು, ಡಾಕ್ಟರ್ ಐದು ದಿನದ ಔಷಧಿ ಬರೆದಿದ್ದಾರೆ, ಎರಡೇ ದಿನಕ್ಕೆ ಓಡಾಡ್ತಿದೆ, ನಿಲ್ಲಿಸಲಾ?” ಇವೆರಡಕ್ಕೂ ಒಂದೇ ಕಡೆ ಉತ್ತರ ಸಿಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದರ ಉತ್ತರ ಈಗಲೇ ಹೇಳಿಬಿಡುತ್ತೇನೆ. ಮನೆಯಲ್ಲಿರುವ ಯಾವ ನೋವಿನ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ. ಲೆಕ್ಕ ಹಾಕಿ ನೋಡಿ. ನಿಮ್ಮ ಮನೆಯ ಪೊಮೆರೇನಿಯನ್ ತೂಕ 6 ಕೆಜಿ ಅಂದುಕೊಳ್ಳಿ. ಒಂದು ಕಾಂಬಿಫ್ಲಾಮ್ ಮಾತ್ರೆಯಲ್ಲಿ 400 ಮಿ.ಗ್ರಾಂ ಐಬುಪ್ರೊಫೆನ್, 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಆ ನಾಯಿಗೆ ಐಬುಪ್ರೊಫೆನ್ ಪ್ರಮಾಣವೇ ಕೆಜಿಗೆ 66 ಮಿ.ಗ್ರಾಂ ದಾಟಿತು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಲು ಅಷ್ಟು ಸಾಕು. ಡೋಲೋ 650 ಒಂದು ನುಂಗಿಸಿದರೆ ಕೆಜಿಗೆ 108 ಮಿ.ಗ್ರಾಂ ಪ್ಯಾರಾಸಿಟಮಾಲ್ ಆಗುತ್ತದೆ. ಅದು ಲಿವರ್‌ಗೂ ಕೆಂಪು ರಕ್ತಕಣಕ್ಕೂ ಪೆಟ್ಟು ಕೊಡುವ ಪ್ರಮಾಣ. ನ್ಯಾಪ್ರಾಕ್ಸೆನ್ ಇನ್ನೂ ಕೆಟ್ಟದ್ದು. ನಮ್ಮ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು ಹೆಚ್ಚುಕಮ್ಮಿ ಅರ್ಧ ದಿನ ಸಾಕು, ನಾಯಿಯ ಮೈಯಲ್ಲಿ ಸುಮಾರು ಮೂರು ದಿನ ಬೇಕು. ಮಾತ್ರೆ ಕೊಟ್ಟ ಮೇಲೆ ನಾಯಿ ಒಂದೆರಡು ಗಂಟೆ ಆರಾಮಾಗಿ ಕಂಡರೂ ಮೋಸ ಹೋಗಬೇಡಿ. ಹೊಟ್ಟೆ, ಕಿಡ್ನಿ ಕೆಟ್ಟದ್ದು ಗೊತ್ತಾಗಲು ಒಂದೆರಡು ದಿನ ಹಿಡಿಯಬಹುದು.

ಮನೆಯಲ್ಲಿ ಬೆಕ್ಕೂ ಇದ್ದರೆ, ನಾಯಿಗೆ ಬರೆದ ಔಷಧಿ ಅದಕ್ಕೆ ತಾಗಿಸಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಹಾಗಾದರೆ ಡಾಕ್ಟರ್ ಕೊಡುವುದು ಏನು? ಉರಿಯೂತ ಇಳಿಸುವ ನೋವುನಿವಾರಕ. ಉರಿಯೂತ ಅಂದರೆ ಪೆಟ್ಟಾದ, ಕೊಯ್ದ ಅಥವಾ ಸವೆದ ಜಾಗ ಊದಿ, ಬಿಸಿಯಾಗಿ ನೋಯುವುದು. ಈ ಗುಂಪಿನ ಔಷಧಿಗಳಿಗೆ ಎನ್‌ಎಸ್‌ಎಐಡಿ ಅಂತ ಹೆಸರು, ಸ್ಟಿರಾಯ್ಡ್ ಅಲ್ಲದ ಉರಿಯೂತ ನಿವಾರಕ ಅಂತ ಅರ್ಥ. ನಾಯಿಗೆ ಸಾಮಾನ್ಯವಾಗಿ ಬರೆಯುವುದು ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್. ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹುಟ್ಟುವುದನ್ನು ಇವು ತಡೆಯುತ್ತವೆ. ನೋವು, ಊತ ತರುವುದು ಅದೇ. ಆದರೆ ಹೊಟ್ಟೆಯ ಒಳಪದರ ಕಾಯುವುದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಈ ಒಂದು ಮಾತಿನಿಂದ ಬಂದವು, ಹಾಗಾಗಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಶುರು ಮಾಡುವ ಮೊದಲು ಕೈಯಲ್ಲಿರಲಿ: ನಾಯಿಯ ಈಗಿನ ತೂಕ, ಅದು ನಡೆಯುವ ಒಂದು ಚಿಕ್ಕ ವಿಡಿಯೊ, ಕಳೆದ ಒಂದು ತಿಂಗಳಲ್ಲಿ ಕೊಟ್ಟ ಎಲ್ಲಾ ಔಷಧಿಗಳ ಚೀಟಿ ಅಥವಾ ಖಾಲಿ ಸ್ಟ್ರಿಪ್, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್, ಒಂದು ನೋಟ್‌ಬುಕ್.

ಹಂತ 1: ನೋವು ಎಲ್ಲಿ, ಯಾಕೆ ಅಂತ ನೋಡಿ

ನಾಯಿ ನೋವಾದರೆ ಕೂಗುತ್ತೆ ಅನ್ನುವುದು ತಪ್ಪು ತಿಳಿವಳಿಕೆ. ಬಹಳ ನಾಯಿಗಳು ಸುಮ್ನೆ ಇರುತ್ತವೆ. ಬೆಳಗ್ಗೆ ಅದು ಏಳುವುದನ್ನು ಹತ್ತಿರ ಕೂತು ನೋಡಿ. ಕೀಲು ಸವೆದ ನಾಯಿ ಮೊದಲು ಮುಂಗಾಲು ಊರಿ ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಹಿಂಗಾಲು ಟೈಲ್ಸ್ ಮೇಲೆ ಒಂದೆರಡು ಸಲ ಜಾರುತ್ತದೆ. ಎದ್ದ ಮೇಲೆ ಹತ್ತು ಹೆಜ್ಜೆ ಸೆಟೆದುಕೊಂಡು ನಡೆದು, ಆಮೇಲೆ ಸಡಿಲವಾಗುತ್ತದೆ. ಮೆಟ್ಟಿಲ ಹತ್ತಿರ ನಿಂತು ನಿಮ್ಮ ಮುಖ ನೋಡುವುದು, ಒಂದೇ ಕೀಲನ್ನು ನೆಕ್ಕುತ್ತಾ ಇರುವುದು, ರಾತ್ರಿ ಸೆಖೆ ಇಲ್ಲದಿದ್ದರೂ ಏದುಸಿರು ಬಿಡುವುದು, ಮುಟ್ಟಿದರೆ ಗುರ್ ಅನ್ನುವುದು, ಇವೆಲ್ಲ ನೋವಿನ ಲಕ್ಷಣಗಳೇ. ಸಮತಟ್ಟಾದ ಜಾಗದಲ್ಲಿ ನಡೆಸಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ಕುಂಟುವುದನ್ನೇ ಮರೆತಂತೆ ನಡೆಯುತ್ತದೆ, ಆಗ ಡಾಕ್ಟರಿಗೆ ಇದೇ ಆಧಾರ.

ನಮ್ಮ ಕಡೆ ಒಂದು ವಿಷಯ ವಿಶೇಷವಾಗಿ ನೋಡಲೇಬೇಕು: ಉಣ್ಣಿ ಜ್ವರ. ಉಣ್ಣಿ ಕಚ್ಚಿ ಬರುವ ಈ ಕಾಯಿಲೆಯಲ್ಲೂ ಕೀಲು ನೋಯುತ್ತದೆ, ನಾಯಿ ಕುಂಟುತ್ತದೆ. ಇವತ್ತು ಒಂದು ಕಾಲು, ಎರಡು ದಿನ ಬಿಟ್ಟು ಇನ್ನೊಂದು ಕಾಲು ಅಂತ ಜಾಗ ಬದಲಾಗಬಹುದು. ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿಯುತ್ತವೆ. ಆ ಸ್ಥಿತಿಯಲ್ಲಿ ಉರಿಯೂತದ ಮಾತ್ರೆ ಕೊಟ್ಟರೆ ಒಳಗೇ ರಕ್ತ ಸೋರುವ ಅಪಾಯ ಜಾಸ್ತಿ. ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಕಂಡಿದ್ದರೆ, ಜ್ವರ ಇದ್ದರೆ, ಒಸಡು ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಇದ್ದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ನೋವಿನ ಮಾತಾಡೋಣ. ಹಟ್ಟಿಯಲ್ಲಿ ಕುರಿ ಕಾಯುವ ನಾಯಿ, ಕಣದಲ್ಲಿ, ತೋಟದಲ್ಲಿ ಮಲಗುವ ನಾಯಿ ಇದ್ದರೆ ಈ ಮಾತು ಇನ್ನೂ ಮುಖ್ಯ.

ಹಂತ 2: ತೂಕ ಮಾಡಿ

ಅಂದಾಜು ಬೇಡ. ಮೈತುಂಬ ಕೂದಲಿರುವ ನಾಯಿ ದಪ್ಪ ಕಾಣುತ್ತದೆ, ಮುಧೋಳ ತಳಿಯದ್ದು ಸಣಕಲು ಕಾಣುತ್ತದೆ. ಎರಡೂ ಮೋಸ ಮಾಡುತ್ತವೆ. ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಎತ್ತಲಾಗದ ಲ್ಯಾಬ್ರಡಾರ್ ಆದರೆ ಮೆಕ್ಕೆಜೋಳದ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಮೇಲೆ ನಿಲ್ಲಿಸಿ. ಹಳ್ಳಿಯಲ್ಲಿ ಅದು ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ.

ಹಂತ 3: ಡಾಕ್ಟರಿಗೆ ಏನೂ ಮುಚ್ಚಿಡಬೇಡಿ

ಎಷ್ಟೋ ತೊಂದರೆ ಆಗುವುದು ಹೇಳದೆ ಬಿಟ್ಟ ಮಾತಿನಿಂದ. ಈ ವಿಷಯಗಳನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ಈಗಾಗಲೇ ಮನೆಯ ಮಾತ್ರೆ ಏನಾದರೂ ಕೊಟ್ಟಿದ್ದೀರಾ? ಸಂಕೋಚ ಬೇಡ, ಹೇಳಿಬಿಡಿ. ಒಂದು ಉರಿಯೂತದ ಔಷಧಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಸಾಮಾನ್ಯವಾಗಿ 5ರಿಂದ 7 ದಿನ ಬಿಡುವು ಕೊಡುತ್ತಾರೆ. ಆಸ್ಪಿರಿನ್ ಕೊಟ್ಟಿದ್ದರೆ ಇನ್ನೂ ಜಾಸ್ತಿ. ಎರಡನ್ನೂ ಒಟ್ಟಿಗೆ ಕೊಡುವಂತೆಯೇ ಇಲ್ಲ.

ಚರ್ಮದ ತುರಿಕೆಗೆ ಇತ್ತೀಚೆಗೆ ಸೂಜಿ ಅಥವಾ ಮಾತ್ರೆ ಆಗಿದೆಯಾ? ಅದು ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಆಗಿರಬಹುದು, ಅಂದರೆ ಸ್ಟಿರಾಯ್ಡ್. ಸ್ಟಿರಾಯ್ಡ್ ಜೊತೆ ಈ ಔಷಧಿ ಸೇರಿದರೆ ಹೊಟ್ಟೆ ತೂತಾಗುವವರೆಗೂ ಹೋಗಬಹುದು. ನನ್ನ ಪ್ರಕಾರ ಜನ ಅತಿ ಹೆಚ್ಚು ಮರೆಯುವುದು ಇದನ್ನೇ, ಯಾಕಂದ್ರೆ ತುರಿಕೆಗೂ ಕಾಲುನೋವಿಗೂ ಸಂಬಂಧ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಹೃದಯದ ತೊಂದರೆಗೆ ಎನಾಲಾಪ್ರಿಲ್, ಫ್ಯುರೊಸೆಮೈಡ್ ತರದ ಔಷಧಿ ನಡೆಯುತ್ತಿದೆಯಾ? ಕಿಡ್ನಿ, ಲಿವರ್ ಸಮಸ್ಯೆ ಇತ್ತಾ? ವಾಂತಿ, ಭೇದಿ ಇದೆಯಾ? ಹೆಣ್ಣು ನಾಯಿ ಗಬ್ಬ ಇದೆಯಾ, ಮರಿಗೆ ಹಾಲೂಡಿಸುತ್ತಿದೆಯಾ? ನಾಯಿ ಇನ್ನೂ ಮರಿಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಔಷಧಿಯೇ ಬೇರೆ ಆಗಬಹುದು.

ವಯಸ್ಸಾದ ನಾಯಿಗೆ, ತಿಂಗಳುಗಟ್ಟಲೆ ಕೊಡಬೇಕಾದ ನಾಯಿಗೆ ಶುರುವಿನಲ್ಲೇ ರಕ್ತ ಪರೀಕ್ಷೆ ಮಾಡಿಸಿ. ರಕ್ತಕಣಗಳ ಎಣಿಕೆ, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್‌ಗೆ ಎಎಲ್‌ಟಿ, ಸಾಧ್ಯವಾದರೆ ಮೂತ್ರ. ಊರಿನ ಲ್ಯಾಬ್‌ನಲ್ಲಿ ಮಾಡಿಸಿದರೆ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾದ ‘ನಾರ್ಮಲ್’ ಅಂಕಿ ಮನುಷ್ಯರದ್ದಾಗಿರಬಹುದು. ಅದನ್ನು ನೋಡಿ ನೀವೇ ತೀರ್ಮಾನ ಮಾಡಬೇಡಿ, ಪಶುವೈದ್ಯರಿಗೆ ತೋರಿಸಿ.

ಹಂತ 4: ಚೀಟಿಯನ್ನೂ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟು ಓದಿ

ಚೀಟಿಯಲ್ಲಿ ಐದು ವಿಷಯ ಸ್ಪಷ್ಟವಾಗಿರಬೇಕು: ಔಷಧಿಯ ಹೆಸರು, ಒಂದು ಮಿ.ಲೀ.ನಲ್ಲಿ ಅಥವಾ ಒಂದು ಮಾತ್ರೆಯಲ್ಲಿ ಎಷ್ಟು ಮಿ.ಗ್ರಾಂ, ಒಂದು ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಓದಲು ಬಾರದಿದ್ದರೆ ಅಲ್ಲೇ ಕೇಳಿ ನಿಮ್ಮ ಕೈಯಲ್ಲೇ ಬರೆದುಕೊಳ್ಳಿ.

ಮೆಲಾಕ್ಸಿಕ್ಯಾಮ್ ಉದಾಹರಣೆ ನೋಡಿ. ನಾಯಿಗೆ ಸಾಮಾನ್ಯ ಪ್ರಮಾಣ ಮೊದಲ ದಿನ ಕೆಜಿಗೆ 0.2 ಮಿ.ಗ್ರಾಂ, ಆಮೇಲೆ ದಿನಕ್ಕೊಮ್ಮೆ ಕೆಜಿಗೆ 0.1 ಮಿ.ಗ್ರಾಂ. 20 ಕೆಜಿ ನಾಯಿಗೆ ದಿನಕ್ಕೆ 2 ಮಿ.ಗ್ರಾಂ ಆಯ್ತು. ಬಾಟಲಿಯಲ್ಲಿ ಮಿ.ಲೀ.ಗೆ 1.5 ಮಿ.ಗ್ರಾಂ ಇದ್ದರೆ ಸುಮಾರು 1.3 ಮಿ.ಲೀ. ಬೇಕು. ಮಿ.ಲೀ.ಗೆ 0.5 ಮಿ.ಗ್ರಾಂ ಇರುವ ಬಾಟಲಿ ಆದರೆ 4 ಮಿ.ಲೀ. ಹಳೆ ಬಾಟಲಿ ಮುಗಿದು, ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ಟು, ನೀವು ಮೊದಲಿನಂತೆ 4 ಮಿ.ಲೀ. ಕುಡಿಸಿದರೆ ಮೂರು ಪಟ್ಟು ಹೋಯಿತು. ಹೆಸರು ಒಂದೇ, ಬಾಟಲಿ ಬೇರೆ. ಈ ಲೆಕ್ಕ ಹೇಳಿದ್ದು ನೀವೇ ಡೋಸ್ ನಿರ್ಧರಿಸಲಿ ಅಂತಲ್ಲ. ಚೀಟಿಯ ಅಂಕಿ ಇದರಿಂದ ತೀರಾ ದೂರ ಇದ್ದರೆ ಕುಡಿಸುವ ಮುಂಚೆ ಒಂದು ಫೋನ್ ಮಾಡಿ ಕೇಳಲಿ ಅಂತ.

ಸಿರಿಂಜ್ ವಿಷಯದಲ್ಲೂ ಎಡವುತ್ತಾರೆ. ಕೆಲವು ನಾಯಿ ಔಷಧಿಗಳ ಜೊತೆ ಬರುವ ಸಿರಿಂಜ್ ಮೇಲೆ ಇರುವುದು ಮಿ.ಲೀ. ಗುರುತಲ್ಲ, ನಾಯಿಯ ತೂಕದ ಗುರುತು. ಇನ್ಸುಲಿನ್ ಸಿರಿಂಜ್ ಮೇಲಿರುವುದು ಯೂನಿಟ್. ಅದನ್ನು ಈ ಕೆಲಸಕ್ಕೆ ಬಳಸಲೇಬೇಡಿ.

ಹಾಗೇ ದನದ ಔಷಧಿ. ಮನೆಯಲ್ಲಿ ಹಸು, ಎಮ್ಮೆ ಇರುವವರು ದಯವಿಟ್ಟು ಗಮನಿಸಿ. ದನಕ್ಕೆ ಕೊಡುವ ಮೆಲಾಕ್ಸಿಕ್ಯಾಮ್ ಬೋಲಸ್, ಅಂದರೆ ಆ ದೊಡ್ಡ ಗುಳಿಗೆ, ಎಷ್ಟೋ ಕಂಪನಿಗಳದ್ದರಲ್ಲಿ 100 ಮಿ.ಗ್ರಾಂ ಇರುತ್ತದೆ. ಜೊತೆಗೆ ಪ್ಯಾರಾಸಿಟಮಾಲ್ ಬೇರೆ. ಅದೇ 20 ಕೆಜಿ ನಾಯಿಗೆ ಇದು ದಿನದ ಪ್ರಮಾಣದ 50 ಪಟ್ಟು. “ಸ್ವಲ್ಪ ಮುರಿದು ಕೊಟ್ಟೆ” ಅನ್ನುವುದರಲ್ಲಿ ಆ ಸ್ವಲ್ಪ ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಸುವಿಗೆ ಸೂಜಿ ಹಾಕಲು ಬಂದವರ ಬ್ಯಾಗಿನಿಂದಲೇ ನಾಯಿಗೂ ಒಂದು ಹಾಕಿಸುವ ರೂಢಿಯೂ ಇದೆ. ಹಾಕುವವರು ಪಶುವೈದ್ಯರಾ, ಔಷಧಿ ಯಾವುದು, ನಾಯಿಯ ತೂಕ ಕೇಳಿದರಾ, ಇಷ್ಟು ಖಚಿತವಾಗದೆ ಹಾಕಿಸಬೇಡಿ. ಡೈಕ್ಲೊಫೆನಾಕ್ ಅಂದರೆ ಬೇಡವೇ ಬೇಡ ಅನ್ನಿ. ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಸರ್ಕಾರ 2006ರಲ್ಲೇ ನಿಷೇಧಿಸಿದೆ. ಆ ಔಷಧಿ ಉಳಿದಿದ್ದ ದನದ ಹೆಣ ತಿಂದು ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತು, ದೇಶದಲ್ಲಿ ಅವು ಬಹುತೇಕ ಕಾಣದಂತಾದವು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್, 2024ರ ಕೊನೆಗೆ ನಿಮೆಸುಲೈಡ್ ಕೂಡ ಪ್ರಾಣಿಗಳ ಬಳಕೆಗೆ ನಿಷೇಧವಾದವು. ನಾಯಿಗಂತೂ ಡೈಕ್ಲೊಫೆನಾಕ್ ಸ್ವತಃ ವಿಷ.

ಹಂತ 5: ಕೊಡುವ ಕ್ರಮ

ಊಟದ ಜೊತೆ ಅಥವಾ ಊಟ ಆದ ತಕ್ಷಣ ಕೊಡಿ. ಬೆಳಗ್ಗೆ ಕೊಟ್ಟರೆ ಒಳ್ಳೆಯದು, ದಿನವಿಡೀ ನಾಯಿ ನಿಮ್ಮ ಕಣ್ಣೆದುರು ಇರುತ್ತದೆ. ನೀರಿನಂತಿರುವ ಔಷಧಿಯನ್ನು ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಮೇಲೆ ತೆಳು, ತಳದಲ್ಲಿ ಗಟ್ಟಿ ಉಳಿಯುತ್ತದೆ. ಒಂದು ತುತ್ತು ಅನ್ನಕ್ಕೋ ರಾಗಿ ಮುದ್ದೆಯ ಚೂರಿಗೋ ಹಾಕಿ ಮೊದಲು ಅದನ್ನು ತಿನ್ನಿಸಿ, ಆಮೇಲೆ ಉಳಿದ ಊಟ. ಇಡೀ ತಟ್ಟೆಗೆ ಬೆರೆಸಿದರೆ, ಅರ್ಧ ಬಿಟ್ಟ ದಿನ ಎಷ್ಟು ಔಷಧಿ ಹೊಟ್ಟೆಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಪಕ್ಕದಲ್ಲಿ ನೀರು ಯಾವಾಗಲೂ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಚಿತ್ರದುರ್ಗ, ಹಿರಿಯೂರು ಕಡೆಯ ಬಿಸಿಲಿಗೆ ನಾಯಿ ಬೇಗ ಒಣಗುತ್ತದೆ. ಮೈಯಲ್ಲಿ ನೀರು ಕಡಿಮೆ ಇರುವಾಗ ಈ ಔಷಧಿ ಕಿಡ್ನಿಗೆ ಜಾಸ್ತಿ ಭಾರ. ಊಟ ಮಾಡಲಿಲ್ಲ, ನೀರು ಮುಟ್ಟಲಿಲ್ಲ, ವಾಂತಿ ಆಯಿತು ಅಂದರೆ ಆ ದಿನದ ಔಷಧಿ ಕೊಡದೆ ಡಾಕ್ಟರಿಗೆ ಫೋನ್ ಮಾಡಿ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿನಲ್ಲಿ ಎರಡರಷ್ಟು ಕೊಡಬೇಡಿ. ಮರೆತದ್ದು ಮರೆತದ್ದೇ. ಮನೆಯಲ್ಲಿ ಇಬ್ಬರು ಮೂವರು ನಾಯಿ ನೋಡಿಕೊಳ್ಳುತ್ತಿದ್ದರೆ, ಕೊಟ್ಟವರು ನೋಟ್‌ಬುಕ್‌ನಲ್ಲಿ ಸಮಯ ಬರೆಯಲಿ. ಇಲ್ಲದಿದ್ದರೆ ಬೆಳಗ್ಗೆ ಅಮ್ಮ ಒಂದು, ಹತ್ತು ಗಂಟೆಗೆ ಮಗ ಒಂದು ಕೊಟ್ಟು ಎರಡು ಡೋಸ್ ಆಗಿಬಿಡುತ್ತದೆ. ಕೆಲವು ಮಾತ್ರೆಗಳಿಗೆ ಮಾಂಸದ ರುಚಿ ಹಾಕಿರುತ್ತಾರೆ. ನಾಯಿ ಇಡೀ ಡಬ್ಬಿ ಹರಿದು ತಿಂದುಬಿಡುತ್ತದೆ, ಬೀರುವಿನ ಮೇಲಿನ ಅರೆಯಲ್ಲಿಡಿ.

ಹಂತ 6: ಯಾವಾಗ ನಿಲ್ಲಿಸಬೇಕು

ವಾಂತಿ, ಭೇದಿ, ಊಟ ಬಿಡುವುದು, ಎಂದಿನಂತಿಲ್ಲದ ಮಂಕು, ನೀರು ಕುಡಿಯುವುದು ಅಥವಾ ಮೂತ್ರ ಇದ್ದಕ್ಕಿದ್ದಂತೆ ಜಾಸ್ತಿಯಾಗುವುದು, ಕಣ್ಣಿನ ಬಿಳಿ ಭಾಗ ಅಥವಾ ಒಸಡು ಹಳದಿಯಾಗುವುದು. ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಡೋಸ್ ನಿಲ್ಲಿಸಿ, ಆಮೇಲೆ ಫೋನ್ ಮಾಡಿ. ಈ ಕ್ರಮ ಮುಖ್ಯ. ಡಾಕ್ಟರ್ ಸಿಗುವವರೆಗೆ ಇನ್ನೊಂದು ಕೊಟ್ಟಿರೋಣ ಅನ್ನಬೇಡಿ.

ಜನ ಹೆಚ್ಚಾಗಿ ನೋಡದೆ ಬಿಡುವುದು ನಾಯಿಯ ಮಲ. ಕಪ್ಪಗೆ, ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಅದು ಹೊಟ್ಟೆಯೊಳಗೆ ಸೋರಿ ಜೀರ್ಣವಾದ ರಕ್ತ. ಒಂದು ಬಿಳಿ ಕಾಗದದ ಮೇಲೆ ಸ್ವಲ್ಪ ಒರೆಸಿ ನೋಡಿ, ಅಂಚಿನಲ್ಲಿ ಕಂದು ಕೆಂಪು ಬಣ್ಣ ಹರಡಿದರೆ ಅನುಮಾನ ಬಲವಾಗುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ಅನ್ನಬೇಡಿ. ಆದರೆ ಕಬ್ಬಿಣದ ಅಂಶದ ಟಾನಿಕ್ ಕೊಡುತ್ತಿದ್ದರೂ ಮಲ ಕಪ್ಪಾಗುತ್ತದೆ, ಅದನ್ನೂ ಹೇಳಿ. ಲಿವರ್‌ಗೆ ಆಗುವ ಅಪರೂಪದ ತೊಂದರೆ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಕಾಣುವುದರಿಂದ ಶುರುವಿನ ತಿಂಗಳು ಕಣ್ಣಿಟ್ಟಿರಿ.

ಹಂತ 7: ಆಪರೇಷನ್ ಆದ ನಾಯಿಗೆ

ಸಂತಾನಹರಣ ಇರಲಿ, ಮುರಿದ ಕಾಲಿಗೆ ರಾಡ್ ಹಾಕಿದ್ದಿರಲಿ, ಮನೆಗೆ ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿ: “ಇವತ್ತು ನೋವಿನ ಸೂಜಿ ಕೊಟ್ಟಿದ್ದೀರಾ, ಬಾಯಿಗೆ ಹಾಕುವ ಔಷಧಿ ಯಾವಾಗಿಂದ ಶುರು?” ದಿನಕ್ಕೊಮ್ಮೆಯ ಸೂಜಿ ಆಗಿದ್ದರೆ ಸಾಮಾನ್ಯವಾಗಿ 24 ಗಂಟೆ ಬಿಟ್ಟೇ ಮೊದಲ ಡೋಸ್. ಅವತ್ತೇ ಸಂಜೆ ಮನೆಯಲ್ಲಿ ಮತ್ತೊಂದು ಕೊಟ್ಟರೆ ಎರಡು ದಿನದ ಔಷಧಿ ಒಂದೇ ದಿನ ಆಯ್ತು.

ಇನ್ನು ಎರಡನೇ ದಿನಕ್ಕೇ ನಿಲ್ಲಿಸುವ ಮಾತು. ನಾಯಿ ಓಡಾಡುತ್ತಿರುವುದು ಔಷಧಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ. ಗಾಯ ಒಳಗೆ ಇನ್ನೂ ಹಸಿ ಇರುತ್ತದೆ. ಹಂತ 6ರ ಲಕ್ಷಣ ಏನೂ ಇಲ್ಲದಿದ್ದರೆ ಬರೆದಷ್ಟು ದಿನ ಪೂರ್ತಿ ಕೊಡಿ. ಬರೆದದ್ದಕ್ಕಿಂತ ಒಂದು ದಿನ ಹೆಚ್ಚಿಗೆ ಬೇಕು ಅನ್ನಿಸಿದರೂ ಕೇಳಿಯೇ ಕೊಡಿ. ನೋವಿಲ್ಲ ಅಂತ ನಾಯಿ ಮಂಚ ಹಾರುತ್ತದೆ, ಬೀದಿ ನಾಯಿಯ ಹಿಂದೆ ಓಡುತ್ತದೆ, ಹೊಲಿಗೆ ಬಿಚ್ಚುತ್ತದೆ. ಅದಕ್ಕೆ ಪರಿಹಾರ ಹಗ್ಗ ಹಿಡಿದು ಚಿಕ್ಕ ನಡಿಗೆ, ಕೊರಳಿಗೆ ನೆಕ್ಕದಂತೆ ಕಾಲರ್. ಮಾತ್ರೆ ತಪ್ಪಿಸುವುದಲ್ಲ.

ಹಂತ 8: ಕೀಲು ಸವೆತಕ್ಕೆ ತಿಂಗಳುಗಟ್ಟಲೆ ಕೊಡುವಾಗ

ಮೊದಲು ಒಂದೆರಡು ವಾರ ಕೊಟ್ಟು ನೋಡುತ್ತಾರೆ. ನೋಟ್‌ಬುಕ್‌ನಲ್ಲಿ ದಿನಾ ಎರಡು ಸಾಲು ಬರೆಯಿರಿ: ಎದ್ದದ್ದು ಹೇಗೆ, ಮೆಟ್ಟಿಲು ಹತ್ತಿತಾ. ಗುಣ ಕಂಡರೆ ಡಾಕ್ಟರ್ ಮೆಲ್ಲಗೆ ಪ್ರಮಾಣ ಇಳಿಸಿ, ಆರಾಮ ಕೊಡುವ ಅತಿ ಕಡಿಮೆ ಡೋಸ್ ಹುಡುಕುತ್ತಾರೆ. ಆ ಎರಡು ಸಾಲು ಇಲ್ಲದೆ ಅವರಿಗೂ ಕಷ್ಟ. ಔಷಧಿ ಶುರುವಾಗಿ ಎರಡರಿಂದ ನಾಲ್ಕು ವಾರಕ್ಕೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿ ಇದ್ದರೆ ಆಮೇಲೆ ಸುಮಾರು ಆರು ತಿಂಗಳಿಗೊಮ್ಮೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಔಷಧಿ ತರುತ್ತಾ ಹೋಗಬೇಡಿ.

ದಪ್ಪ ನಾಯಿಗೆ ಮಾತ್ರೆಯಷ್ಟೇ ಮುಖ್ಯ ತೂಕ. ದೇಹತೂಕದಲ್ಲಿ ಶೇ 6ರಿಂದ 9ರಷ್ಟು ಇಳಿದರೂ ಕುಂಟುವುದು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. 35 ಕೆಜಿ ಲ್ಯಾಬ್ರಡಾರ್‌ಗೆ ಅದು ಎರಡು ಮೂರು ಕೆಜಿ ಅಷ್ಟೇ. ಬೆಣ್ಣೆ ದೋಸೆಯ ಚೂರು, ಬಿಸ್ಕತ್ತು, ರಾತ್ರಿ ಉಳಿದ ಅನ್ನ ನಿಲ್ಲಿಸಿದರೆ ಅರ್ಧ ಕೆಲಸ ಆಯಿತು. ನಾಯಿ ಮಲಗಿ ಏಳುವ ಜಾಗದಲ್ಲಿ ಟೈಲ್ಸ್ ಮೇಲೆ ಹಳೆಯ ಕಂಬಳಿಯೋ ರಬ್ಬರ್ ಮ್ಯಾಟೋ ಹಾಸಿ, ಜಾರದಿದ್ದರೆ ಕೀಲಿಗೆ ಅಷ್ಟು ಎಳೆತ ಇಲ್ಲ.

ತಪ್ಪಿ ಜಾಸ್ತಿ ಹೋದರೆ

ನಾಯಿ ಡಬ್ಬಿ ತಿಂದಿದೆ, ಅಥವಾ ಯಾರೋ ಮನೆಯ ಮಾತ್ರೆ ಕೊಟ್ಟುಬಿಟ್ಟಿದ್ದಾರೆ ಅಂದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪು ಬೇರೆಯೇ ಅಪಾಯ ತರುತ್ತದೆ. ಹಾಲು ಕುಡಿಸಿದರೆ ವಿಷ ಇಳಿಯುತ್ತೆ ಅನ್ನುವುದು ಸುಳ್ಳು. ಮೊದಲ ಎರಡು ಗಂಟೆಯೊಳಗೆ ಮುಟ್ಟಿದರೆ ಡಾಕ್ಟರ್ ಸರಿಯಾದ ಔಷಧಿಯಿಂದ ವಾಂತಿ ಮಾಡಿಸಬಹುದು. ತಡವಾದರೂ ಇದ್ದಿಲಿನ ಪುಡಿ, ಡ್ರಿಪ್, ಹೊಟ್ಟೆ ಕಾಯುವ ಔಷಧಿ ಇವೆ, ಹಾಗಾಗಿ ಹೊತ್ತು ಮೀರಿತು ಅಂತ ಮನೆಯಲ್ಲೇ ಕೂರಬೇಡಿ. ಹೊರಡುವಾಗ ಸ್ಟ್ರಿಪ್ ಅಥವಾ ಡಬ್ಬಿ, ಎಷ್ಟು ಮಾತ್ರೆ ಇತ್ತು ಎಷ್ಟು ಉಳಿದಿದೆ, ತಿಂದ ಸಮಯ, ನಾಯಿಯ ತೂಕ ಇಷ್ಟು ಜೊತೆಗಿರಲಿ.

ಹಳ್ಳಿಯಲ್ಲಿದ್ದು ದಾರಿ ತೋಚದಿದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಡ್ರಿಪ್ ಶುರುಮಾಡಿಸಿಕೊಂಡು, ಹೆಚ್ಚಿನ ಚಿಕಿತ್ಸೆ ಬೇಕು ಅಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಬಹುದು. ಹೊರಡುವ ಮುಂಚೆ ಫೋನ್ ಮಾಡಿ ಆ ಹೊತ್ತಿನಲ್ಲಿ ಡಾಕ್ಟರ್ ಇರುತ್ತಾರಾ ಅಂತ ಕೇಳಿಕೊಳ್ಳಿ.